ಸರ್ಕಾರಿ ಅಭಿಯೋಜಕರ ಕಚೇರಿ: ಒಂದು ಪರಿಚಯ

“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ಅನುಭವದಿಂದ ಹುಟ್ಟಿದ ಮಾತು ಅದು, ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಸ್ವಲ್ಪ ವಿಚಾರ ಮಾಡಿದರೆ, ಈ ಗಾದೆ ಮುಖ್ಯವಾಗಿ ಹೊಲ ಮನೆಗಳ ವ್ಯಾಜ್ಯಕ್ಕೆ ಒಪ್ಪುವಂಥದು ಎಂಬುದು ಹೊಳೆಯುತ್ತದೆ. ಅಲ್ಲಿ ಇಬ್ಬರು ಖಾಸಗಿ ಮನುಷ್ಯರು ತಮ್ಮ ತಮ್ಮ ಹಣ ತೆತ್ತು, ತಮ್ಮ ತಮ್ಮ ವಕೀಲರನ್ನಿಟ್ಟು ಹೋರಾಡುವರು. ಕ್ರಿಮಿನಲ್ ಮೊಕದ್ದಮೆಯ ಸಂಗತಿ ಬೇರೆ. ಅಲ್ಲಿ ಏಟು ತಿಂದವನು ರಾಮನಾಗಿರಲಿ ಭೀಮನಾಗಿರಲಿ, ಆರೋಪಿಯ ಎದುರಿಗೆ ನಿಲ್ಲುವುದು ರಾಜ್ಯ. ಕಡತದ ಮೇಲೆ “ಕರ್ನಾಟಕ ರಾಜ್ಯ” ಎಂದೇ ಬರೆದಿರುತ್ತದೆ. ಆ ರಾಜ್ಯದ ಬಾಯಾಗಿ ಮಾತನಾಡುವವರೇ ಸರ್ಕಾರಿ ಅಭಿಯೋಜಕರು. ಅವರಿಗೆ ಗೆಲುವೆಂದರೆ ಏನು, ಸೋಲೆಂದರೆ ಏನು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ರಾಜ್ಯಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನಾವು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ವಿಚಾರವನ್ನು ಮೂರು ವರ್ಷ ಓದಿದ್ದೇವೆ. ಅಂತಿಮ ವರ್ಷದಲ್ಲಿ ಕೆಲವು ವಾರ ಯಾವುದಾದರೊಂದು ಕಚೇರಿಯಲ್ಲಿ ಇಂಟರ್ನ್‌ಷಿಪ್ ಮಾಡಬೇಕೆಂದಾಗ, ನಾನು ತಾಲ್ಲೂಕು ನ್ಯಾಯಾಲಯದ ಸಹಾಯಕ ಸರ್ಕಾರಿ ಅಭಿಯೋಜಕರ ಕಚೇರಿಯನ್ನು ಆರಿಸಿಕೊಂಡೆನು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. “ಕಾಲೇಜು ಸರಿ, ಕೋರ್ಟು ಯಾಕಪ್ಪ?” ಎಂದು ನಮ್ಮ ತಂದೆಯವರು ಕೇಳಿದರು. ಅವರ ಪ್ರಶ್ನೆಯಲ್ಲಿ ಅಂಜಿಕೆಯಿತ್ತು. ಆ ಅಂಜಿಕೆ ಅವರೊಬ್ಬರದಲ್ಲ. ನಮ್ಮ ಸಹಪಾಠಿಗಳಲ್ಲಿ ಹಲವರ ಮನೆಗಳದು. ಆದುದರಿಂದಲೇ ಅಲ್ಲಿ ನಾಲ್ಕು ವಾರಗಳಲ್ಲಿ ನಾನು ಕಂಡದ್ದನ್ನೂ, ಅದರ ಜೊತೆಗೆ ಓದಿ ತಿಳಿದದ್ದನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ಊರು, ಕಚೇರಿ, ಮನುಷ್ಯರ ಹೆಸರುಗಳನ್ನು ಹೇಳುವುದಿಲ್ಲ. ಕಡತದ ಮಾತು ಕಡತದಲ್ಲಿಯೇ ಇರಬೇಕೆಂಬುದು ಅಲ್ಲಿ ನಾನು ಕಲಿತ ಮೊದಲನೆಯ ಪಾಠ. ತೆರೆದ ನ್ಯಾಯಾಲಯದಲ್ಲಿ ಎಲ್ಲರೂ ಕೇಳುವಂತೆ ನಡೆದುದನ್ನು ಮಾತ್ರ ಇಲ್ಲಿ ಪ್ರಸ್ತಾಪಿಸುತ್ತೇನೆ.

ಅಭಿಯೋಜಕರೆಂದರೆ ಯಾರು?

ಜನರ ಬಾಯಲ್ಲಿ ಇವರು “ಎ.ಪಿ.ಪಿ.” ಅಥವಾ “ಪಿ.ಪಿ.” ಎರಡು ಹೆಸರೂ ಒಂದೇ ಅಲ್ಲ. ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವವರು ಸಹಾಯಕ ಸರ್ಕಾರಿ ಅಭಿಯೋಜಕರು. ಕೊಲೆ, ಡಕಾಯಿತಿಯಂಥ ಘೋರ ಅಪರಾಧಗಳು ಸೆಷನ್ಸ್ ನ್ಯಾಯಾಲಯಕ್ಕೆ ಹೋಗುವುವು. ಅಲ್ಲಿ ಮೊಕದ್ದಮೆ ನಡೆಸುವವರು ಸರ್ಕಾರಿ ಅಭಿಯೋಜಕರು, ಎಂದರೆ ಪಬ್ಲಿಕ್ ಪ್ರಾಸಿಕ್ಯೂಟರು. ಯಾವುದಾದರೊಂದು ಮೊಕದ್ದಮೆಗೆಂದೇ ನೇಮಕವಾಗುವ ವಿಶೇಷ ಅಭಿಯೋಜಕರೂ ಉಂಟು. ಸರ್ಕಾರಿ ಅಭಿಯೋಜಕರಾಗಲು ಕನಿಷ್ಠ 7 ವರ್ಷ, ವಿಶೇಷ ಅಭಿಯೋಜಕರಾಗಲು ಕನಿಷ್ಠ 10 ವರ್ಷ ವಕೀಲಿ ವೃತ್ತಿ ಮಾಡಿರಬೇಕೆಂದು ಕಾನೂನು ಹೇಳುತ್ತದೆ.

ಈ ಕಾನೂನು ಯಾವುದು? 2024ರ ಜುಲೈ 1ರವರೆಗೆ ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯಾಗಿತ್ತು. ಅಂದಿನಿಂದ ಅದರ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 1860ರ ಭಾರತ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, 1872ರ ಸಾಕ್ಷ್ಯ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದೇ ದಿನ ಜಾರಿಗೆ ಬಂದುವು. ಆದರೆ 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ, ಅಭಿಯೋಜಕರ ಮೇಜಿನ ಮೇಲೆ ಈಗ ಹಳೆಯ ಪುಸ್ತಕ, ಹೊಸ ಪುಸ್ತಕ ಎರಡೂ ಪಕ್ಕ ಪಕ್ಕದಲ್ಲಿರುತ್ತವೆ. ಕೊಲೆಗೆ 302ನೆಯ ಕಲಮು ಎಂಬುದು ಸಿನಿಮಾ ನೋಡಿದವರೆಲ್ಲರಿಗೂ ಗೊತ್ತು. ಹೊಸ ಸಂಹಿತೆಯಲ್ಲಿ ಅದು 103. ಮೋಸಕ್ಕೆ ಪರ್ಯಾಯ ಪದವೇ ಆಗಿಹೋಗಿದ್ದ 420 ಈಗ 318. ನನಗೆ ಮೊದಲ ವಾರ ಕೊಟ್ಟ ಕೆಲಸ ಈ ಹಳೆಯ ಹೊಸ ಕಲಮುಗಳ ಪಟ್ಟಿಯನ್ನು ಎದುರುಬದುರಾಗಿ ಬರೆಯುವುದು. ಬೇಸರದ ಕೆಲಸವೆಂದು ತೋರಿದರೂ, ಯಾವ ಅಪರಾಧಕ್ಕೆ ಎಷ್ಟು ಶಿಕ್ಷೆ, ಯಾವುದು ರಾಜಿಯಾಗಬಲ್ಲುದು, ಯಾವುದು ಆಗಲಾರದು ಎಂಬುದು ಅದರಿಂದ ಮನಸ್ಸಿನಲ್ಲಿ ನಿಂತಿತು.

ಪೊಲೀಸರೂ ಅಭಿಯೋಜಕರೂ

ಅಭಿಯೋಜಕರೆಂದರೆ ಪೊಲೀಸರ ವಕೀಲರು ಎಂಬ ಭಾವನೆ ಜನರಲ್ಲಿ ಸಾಮಾನ್ಯವಾಗಿದೆ. ಇದಕ್ಕೆ ಇತಿಹಾಸದ ಕಾರಣವುಂಟು. ಹಿಂದೆ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಲ್ಲಿ ಬಹುಮಟ್ಟಿಗೆ ಪೊಲೀಸ್ ಇಲಾಖೆಯ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದರು. ಹಿಡಿದವರೇ ವಾದಿಸುವುದು ಸರಿಯಲ್ಲವೆಂದೂ, ಅಭಿಯೋಜನೆಯನ್ನು ಪೊಲೀಸರಿಂದ ಬೇರ್ಪಡಿಸಬೇಕೆಂದೂ ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಸಲಹೆ ಮಾಡಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ, ಪೊಲೀಸ್ ಅಧಿಕಾರಿಯನ್ನು ಸಹಾಯಕ ಅಭಿಯೋಜಕನನ್ನಾಗಿ ಸಾಮಾನ್ಯವಾಗಿ ನೇಮಿಸಕೂಡದೆಂದು ವಿಧಿಸಿತು. ಆಗಲೂ ಕೆಲವು ಕಡೆ ಅಭಿಯೋಜಕರು ಪೊಲೀಸ್ ಮೇಲಧಿಕಾರಿಗಳ ಅಧೀನದಲ್ಲಿಯೇ ಉಳಿದಿದ್ದರು. 1995ರಲ್ಲಿ ಮಹಾರಾಷ್ಟ್ರದ ಸಹಾಯಕ ಅಭಿಯೋಜಕರ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬಿಡಿಸಿ ಪ್ರತ್ಯೇಕ ಇಲಾಖೆ ಮಾಡಬೇಕೆಂದು ಆದೇಶಿಸಿತು. 2005ರ ತಿದ್ದುಪಡಿಯಿಂದ ಅಭಿಯೋಜನಾ ನಿರ್ದೇಶನಾಲಯಕ್ಕೆ ಸಂಹಿತೆಯಲ್ಲಿಯೇ ಸ್ಥಾನ ದೊರೆಯಿತು. ಹೊಸ ಸಂಹಿತೆಯ 20ನೆಯ ಕಲಮು ಇದನ್ನು ಇನ್ನಷ್ಟು ವಿಸ್ತರಿಸಿ, 10 ವರ್ಷವೂ ಅದಕ್ಕೆ ಮೇಲ್ಪಟ್ಟೂ ಶಿಕ್ಷೆಯುಳ್ಳ ಮೊಕದ್ದಮೆಗಳ ಮೇಲ್ವಿಚಾರಣೆ ನಿರ್ದೇಶಕರಿಗೆ, 7ರಿಂದ 10 ವರ್ಷದೊಳಗಿನವು ಉಪನಿರ್ದೇಶಕರಿಗೆ, 7ಕ್ಕೆ ಕಡಿಮೆಯವು ಸಹಾಯಕ ನಿರ್ದೇಶಕರಿಗೆ ಎಂದು ಹಂಚಿಕೊಟ್ಟಿದೆ.

ಹೀಗೆ ತನಿಖೆ ಪೊಲೀಸರದು, ವಾದ ಅಭಿಯೋಜಕರದು, ತೀರ್ಮಾನ ನ್ಯಾಯಾಧೀಶರದು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈಹಾಕುವಂತಿಲ್ಲ. ತನಿಖೆ ಮುಗಿದ ಮೇಲೆ ದೋಷಾರೋಪಣ ಪಟ್ಟಿ ಸಲ್ಲಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಅಭಿಯೋಜಕರ ಅಭಿಪ್ರಾಯಕ್ಕೆ ಕಟ್ಟಿಹಾಕಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೇಳಿದೆ. ಪೊಲೀಸರು ಕೇಳಿದಾಗ ಅಭಿಯೋಜಕರು ಕಾನೂನಿನ ಸಲಹೆ ಕೊಡಬಹುದು, ಅಪ್ಪಣೆ ಮಾಡಲಾರರು. ಪೊಲೀಸರೂ ಅಷ್ಟೆ, ಅಭಿಯೋಜಕರಿಗೆ ಹೀಗೆಯೇ ವಾದಿಸಿ ಎನ್ನಲಾರರು. ನಾವು ತರಗತಿಯಲ್ಲಿ ಅಧಿಕಾರ ವಿಭಜನೆ ಎಂದು ಓದುವ ತತ್ತ್ವದ ಚಿಕ್ಕ ರೂಪವೊಂದು ತಾಲ್ಲೂಕಿನ ಕಚೇರಿಯ ಎರಡು ಬೀರು, ನಾಲ್ಕು ಕುರ್ಚಿಗಳ ನಡುವೆ ಹೀಗೆ ಕೆಲಸ ಮಾಡುತ್ತಿರುತ್ತದೆ.

ಕಡತದ ಪಯಣ

ಒಂದು ಕ್ರಿಮಿನಲ್ ಕಡತ ಹೇಗೆ ಬೆಳೆಯುವುದೆಂಬುದನ್ನು ಸಂಕ್ಷೇಪವಾಗಿ ಹೇಳುವೆನು. ಫಿರ್ಯಾದಿ ಠಾಣೆಗೆ ಹೋಗಿ ದೂರು ಕೊಡುವನು. ಅದರ ಮೇಲೆ ಪ್ರಥಮ ವರ್ತಮಾನ ವರದಿ ತಯಾರಾಗುವುದು. ಪೊಲೀಸರು ಸ್ಥಳಕ್ಕೆ ಹೋಗಿ ಪಂಚರ ಸಮಕ್ಷಮ ಮಹಜರು ಮಾಡುವರು. ದೊಣ್ಣೆ, ಕುಡುಗೋಲು ಮೊದಲಾದುವನ್ನು ಮುದ್ದೆಮಾಲಾಗಿ ವಶಪಡಿಸಿಕೊಳ್ಳುವರು. ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವರು. ವೈದ್ಯರಿಂದ ಗಾಯದ ಪ್ರಮಾಣಪತ್ರ ಪಡೆಯುವರು. ಆರೋಪಿ ಬಂಧನದಲ್ಲಿದ್ದರೆ, ಅಪರಾಧದ ಗುರುತ್ವವನ್ನು ಅನುಸರಿಸಿ 60 ಅಥವಾ 90 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಸಬೇಕು. ಇಲ್ಲವಾದರೆ ಜಾಮೀನು ಕೊಡಲು ಸಿದ್ಧನಾದ ಆರೋಪಿಗೆ ಬಿಡುಗಡೆಯ ಹಕ್ಕು ಬರುತ್ತದೆ. ಪಟ್ಟಿ ಸಲ್ಲಿಕೆಯಾದ ಮೇಲೆ ಅದರ ಮತ್ತು ಅದರೊಂದಿಗಿನ ಕಾಗದಗಳ ನಕಲನ್ನು ಆರೋಪಿಗೆ ಪುಕ್ಕಟೆಯಾಗಿ ಕೊಡುವರು. ತನ್ನ ಮೇಲೆ ಏನು ಆರೋಪವಿದೆ, ಯಾರು ಏನು ಹೇಳಿದ್ದಾರೆ ಎಂಬುದನ್ನು ತಿಳಿಯದೆ ಯಾರೂ ತಮ್ಮನ್ನು ಕಾಪಾಡಿಕೊಳ್ಳಲಾರರಷ್ಟೆ.

ಅಭಿಯೋಜಕರ ನಿಜವಾದ ಕೆಲಸ ಇಲ್ಲಿಂದ ಮುಂದಕ್ಕೆ. ಪಟ್ಟಿಯಲ್ಲಿರುವ ಸಾಕ್ಷಿಗಳನ್ನು ಕರೆಸಿ ಒಬ್ಬೊಬ್ಬರಿಂದಲೂ ಅವರು ಕಂಡದ್ದನ್ನು ಹೇಳಿಸಬೇಕು. ಇದಕ್ಕೆ ಮುಖ್ಯ ವಿಚಾರಣೆ ಎಂದು ಹೆಸರು. ಇದರಲ್ಲಿ ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆಯನ್ನು ಕೇಳಕೂಡದು. “ಈತ ನಿಮಗೆ ದೊಣ್ಣೆಯಿಂದ ಹೊಡೆದನಲ್ಲವೆ?” ಎಂದರೆ ತಪ್ಪು, “ಆಮೇಲೆ ಏನಾಯಿತು?” ಎಂದರೆ ಸರಿ. ಎದುರು ವಕೀಲರು ಪಾಟೀಸವಾಲಿನಲ್ಲಿ ಮಾತ್ರ ಮೊದಲನೆಯ ರೀತಿಯ ಪ್ರಶ್ನೆ ಕೇಳಬಹುದು. “ಆಮೇಲೆ ಏನಾಯಿತು?” ಎಂಬ ಎರಡು ಪದಗಳ ಪ್ರಶ್ನೆಯಿಂದ ಸತ್ಯವನ್ನು ಹೊರಡಿಸುವುದು ಎಷ್ಟು ಕಷ್ಟವೆಂಬುದನ್ನು ಅಲ್ಲಿ ಕುಳಿತು ನೋಡಿದವರೇ ಬಲ್ಲರು.

ನನಗೆ ಸಿಕ್ಕ ಮುಖ್ಯ ಕೆಲಸ ದಿನಾಂಕಪಟ್ಟಿ ತಯಾರಿಸುವುದು. ಒಂದು ಕಡತದಲ್ಲಿರುವ ಪ್ರತಿಯೊಂದು ಕಾಗದದ ತಾರೀಖು, ವೇಳೆ, ಬರೆದವರು, ಸಹಿ ಮಾಡಿದವರು — ಇಷ್ಟನ್ನೂ ಒಂದೇ ಹಾಳೆಯ ಮೇಲೆ ಕ್ರಮವಾಗಿ ಬರೆಯಬೇಕು. ಇತಿಹಾಸದ ತರಗತಿಯಲ್ಲಿ ನಾವು ಕಲಿಯುವ ಕಾಲಾನುಕ್ರಮಣಿಕೆಯ ಅಭ್ಯಾಸ ಇಲ್ಲಿ ಬಹಳ ಉಪಯೋಗಕ್ಕೆ ಬಂದಿತು.

ಒಂದು ಬದುವಿನ ಜಗಳ

ಹೊಲದ ಬದುವಿನ ಜಗಳದಿಂದ ಹುಟ್ಟಿದ ಹಳೆಯ ಮೊಕದ್ದಮೆಯೊಂದು ಆ ದಿನಗಳಲ್ಲಿ ಸಾಕ್ಷಿಯ ಹಂತಕ್ಕೆ ಬಂದಿತ್ತು. ಅರವತ್ತು ದಾಟಿದ ಕೂಲಿಯ ಹೆಂಗಸೊಬ್ಬಳ ಮುಂಗೈ ಮೂಳೆ ದೊಣ್ಣೆಯ ಏಟಿನಿಂದ ಮುರಿದಿತ್ತು. ಆರೋಪಿಗಳು ಪಕ್ಕದ ಹೊಲದವರು. ಊರಿನ ಅನೇಕರಿಗೆ ಕೂಲಿ ಕೊಡುವವರು. ಘಟನೆಯನ್ನು ಕಣ್ಣಾರೆ ಕಂಡವರೆಂದು ಪೊಲೀಸರು ನಾಲ್ವರ ಹೆಸರು ಬರೆದಿದ್ದರು.

ನಾಲ್ವರಲ್ಲಿ ಮೂವರು ಒಂದೇ ದಿನ ಬಂದು, “ನಮಗೆ ಏನೂ ಗೊತ್ತಿಲ್ಲ ಸ್ವಾಮಿ, ನಾವು ಅಲ್ಲಿ ಇರಲಿಲ್ಲ” ಎಂದುಬಿಟ್ಟರು. ಇಂಥವರನ್ನು ಪ್ರತಿಕೂಲ ಸಾಕ್ಷಿಗಳೆನ್ನುವರು. ಆಗ ನ್ಯಾಯಾಲಯದ ಅನುಮತಿ ಪಡೆದು ಅಭಿಯೋಜಕರೇ ತಮ್ಮ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬಹುದು. ಸಾಕ್ಷಿ ಪ್ರತಿಕೂಲನಾದ ಮಾತ್ರಕ್ಕೆ ಅವನು ಹೇಳಿದ್ದೆಲ್ಲವೂ ಕಸವಾಗುವುದಿಲ್ಲ. ಅದರಲ್ಲಿ ನಂಬತಕ್ಕ ಭಾಗವಿದ್ದರೆ ನ್ಯಾಯಾಲಯ ಅದನ್ನು ತೆಗೆದುಕೊಳ್ಳಬಹುದು. ಆದರೆ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಇರಲೂ ಕೂಡದು. ನ್ಯಾಯಾಧೀಶರ ಮುಂದೆ ಪ್ರಮಾಣಮಾಡಿ ಹೇಳಿದ ಮಾತೇ ಮಾತು. ಪೊಲೀಸರ ಒತ್ತಡದಿಂದ ಜನರನ್ನು ಕಾಪಾಡಲು ಮಾಡಿದ ನಿಯಮವಿದು. ಅದೇ ನಿಯಮದ ಮರೆಯಲ್ಲಿ ಊರ ದೊಡ್ಡವರ ಒತ್ತಡ ಕೆಲಸ ಮಾಡುವುದೂ ಉಂಟು.

ಆ ಮೂವರನ್ನು ಹೀಗಳೆಯುವುದು ಸುಲಭ. ಆದರೆ ಅವರಲ್ಲೊಬ್ಬನು ಜಗುಲಿಯ ಕಂಬಕ್ಕೆ ಒರಗಿ ಕುಳಿತು ಇನ್ನೊಬ್ಬನಿಗೆ, “ನಾಳೆ ಕಳೆ ತೆಗೆಯೋಕೆ ಅವರ ಹೊಲಕ್ಕೇ ಹೋಗಬೇಕಲ್ಲ” ಎಂದು ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಸಾಕ್ಷಿಗಳ ರಕ್ಷಣೆಗಾಗಿ ರೂಪಿಸಿದ ಯೋಜನೆಯನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಅಂಗೀಕರಿಸಿ ದೇಶಕ್ಕೆಲ್ಲ ಅನ್ವಯಿಸಿತು; ಹೊಸ ಸಂಹಿತೆಯ 398ನೆಯ ಕಲಮು ಪ್ರತಿಯೊಂದು ರಾಜ್ಯವೂ ಇಂಥ ಯೋಜನೆ ಮಾಡಬೇಕೆನ್ನುತ್ತದೆ. ಪ್ರಾಣಭಯವಿದ್ದವನಿಗೆ ಅದರಿಂದ ರಕ್ಷಣೆ ಸಿಗಬಹುದು. ಕೂಲಿ ತಪ್ಪುವ ಭಯಕ್ಕೆ ಯಾವ ಕಲಮಿನಲ್ಲಿ ರಕ್ಷಣೆಯಿದೆ? ನಾಲ್ಕು ವಾರ ಕಳೆದರೂ ಈ ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ.

ಉಳಿದವಳು ಏಟು ತಿಂದ ಮುದುಕಿಯೊಬ್ಬಳೇ. ಅವಳ ಸಾಕ್ಷಿಯ ಹಿಂದಿನ ದಿನ ನಾನು ದಿನಾಂಕಪಟ್ಟಿ ಬರೆಯುತ್ತಿರುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಗಾಯಾಳುವೇ ಸ್ಥಳ ತೋರಿಸಿದಳೆಂದು ಮಹಜರಿನಲ್ಲಿ ಬರೆದಿತ್ತು. ವೇಳೆ, ಘಟನೆಯ ದಿನ ಸಂಜೆ 4ರಿಂದ 5 ಗಂಟೆ. ಆಸ್ಪತ್ರೆಯ ಕಾಗದದ ಪ್ರಕಾರ ಅದೇ ದಿನ ಮಧ್ಯಾಹ್ನ 3 ಗಂಟೆಗೆ ಒಳರೋಗಿಯಾಗಿ ಸೇರಿದವಳು ಮಾರನೆಯ ಬೆಳಿಗ್ಗೆಯವರೆಗೂ ಅಲ್ಲಿಯೇ ಇದ್ದಳು. ಒಬ್ಬಳೇ ಹೆಂಗಸು ಒಂದೇ ವೇಳೆಯಲ್ಲಿ ಎರಡು ಕಡೆ ಇರುವುದು ಹೇಗೆ? ಇದನ್ನು ಅಭಿಯೋಜಕರಿಗೆ ತೋರಿಸಿದೆನು. ಎದುರು ವಕೀಲರು ಗಮನಿಸದಿದ್ದರೆ ಒಳ್ಳೆಯದಾಗುತ್ತಿತ್ತಲ್ಲವೇ ಮೇಡಂ ಎಂದೂ ಕೇಳಿದೆನು.

ಅವರು ಕಾಗದವೆರಡನ್ನೂ ಎರಡು ಸಲ ಓದಿದರು. ಬಳಿಕ, “ಗಮನಿಸಿದರೂ ಗಮನಿಸದಿದ್ದರೂ ಇದನ್ನು ನಾವೇ ಕೇಳಬೇಕಪ್ಪ. ಮಹಜರು ತಪ್ಪಾಗಿದ್ದರೆ ಅದು ತಪ್ಪು ಅಂತ ನ್ಯಾಯಾಲಯಕ್ಕೆ ಗೊತ್ತಾಗಬೇಕು. ಈ ಕಡತ ನಮ್ಮಪ್ಪನ ಆಸ್ತಿ ಅಲ್ಲ, ಬೇಕಾದ್ದು ತೋರಿಸಿ ಬೇಡದ್ದು ಮುಚ್ಚಿಡೋದಕ್ಕೆ” ಎಂದರು.

ಮಾರನೆಯ ದಿನ ಮುದುಕಿ ಕಟಕಟೆಗೆ ಬಂದಳು. ಸೆರಗಿನಿಂದ ಕೈ ಮುಚ್ಚಿಕೊಂಡಿದ್ದಳು. ಅಭಿಯೋಜಕರು ಒಂದೊಂದೇ ಪ್ರಶ್ನೆಯನ್ನು ಆಡುಮಾತಿನಲ್ಲಿಯೇ ಕೇಳಿದರು. ಏಟಿನ ವಿಷಯವಾದ ಮೇಲೆ, “ಪೊಲೀಸಿನವರು ನಿಮ್ಮ ಹೊಲಕ್ಕೆ ಯಾವಾಗ ಬಂದರಮ್ಮ?” ಎಂದು ಕೇಳಿದರು. “ನಾನು ಆಸ್ಪತ್ರೆಯಿಂದ ಬಂದ ದಿವಸ ತಾಯಿ. ನಾನೇ ಹೋಗಿ ಜಾಗ ತೋರಿಸಿದೆ” ಎಂದಳು. “ಏಟು ಬಿದ್ದ ದಿವಸ?” “ಆವತ್ತು ನಾನೆಲ್ಲಿ ಏಳೋ ಹಂಗಿದ್ದೆ?” ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು. ಎದುರು ವಕೀಲರು ಇದೇ ಅಂಶವನ್ನು ಹಿಡಿದು, ಮಹಜರನ್ನು ಠಾಣೆಯಲ್ಲಿ ಕುಳಿತು ಬರೆದದ್ದೆಂದು ಬಲವಾಗಿ ವಾದ ಕಟ್ಟಿದರು. ಅದು ಅವರ ಧರ್ಮ; ಅದನ್ನು ಅವರು ಚೆನ್ನಾಗಿಯೇ ನಡೆಸಿದರು. ಆರೋಪಿಗಳಲ್ಲೊಬ್ಬನಿಗೆ ವಕೀಲರನ್ನಿಡಲು ಶಕ್ತಿಯಿಲ್ಲದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಉಚಿತವಾಗಿ ವಕೀಲರನ್ನು ಕೊಟ್ಟಿದ್ದರು. ಆರೋಪಿಸುವುದಕ್ಕೂ ರಾಜ್ಯದ ಹಣ, ಆರೋಪದಿಂದ ಕಾಪಾಡುವುದಕ್ಕೂ ರಾಜ್ಯದ ಹಣ! ಮೊದಲು ಇದು ನನಗೆ ವಿಚಿತ್ರವೆನಿಸಿತು. ರಾಜ್ಯಕ್ಕೆ ಬೇಕಾದದ್ದು ಶಿಕ್ಷೆಯಲ್ಲ, ಸತ್ಯ ಎಂದು ಒಪ್ಪಿಕೊಂಡರೆ ಇದರಲ್ಲಿ ವಿಚಿತ್ರವೇನೂ ಇಲ್ಲ.

ಈ ಲೇಖನ ಬರೆಯುವ ಹೊತ್ತಿಗೆ ಆ ಮೊಕದ್ದಮೆಯ ತೀರ್ಪು ಬಂದಿಲ್ಲ. ಏಟು ತಿಂದವರ ಸಾಕ್ಷ್ಯಕ್ಕೆ ಕಾನೂನಿನಲ್ಲಿ ವಿಶೇಷ ಬೆಲೆಯುಂಟು. ತನಗೆ ಹೊಡೆದವನನ್ನು ಬಿಟ್ಟು ಬೇರೆಯವನ ಮೇಲೆ ಯಾರೂ ಸುಮ್ಮನೆ ಹೇಳರೆಂಬುದು ಅದರ ಹಿಂದಿನ ತರ್ಕ. ಸಂದೇಹದ ಲಾಭ ಆರೋಪಿಗೇ ಸಲ್ಲಬೇಕೆಂಬುದೂ ಅಷ್ಟೇ ಬಲವಾದ ಮಾತು. ತಕ್ಕಡಿ ಯಾವ ಕಡೆ ತೂಗುವುದೋ ನ್ಯಾಯಾಧೀಶರಿಗೆ ಬಿಟ್ಟದ್ದು.

ಗಜನೂರಿನ ಪ್ರಕರಣ ಕಲಿಸಿದ ಪಾಠ

ಅಭಿಯೋಜಕರ ಸ್ವಾತಂತ್ರ್ಯವೆಂಬುದು ಸಣ್ಣ ಮೊಕದ್ದಮೆಗಳಿಗೆ ಮಾತ್ರ ಸೇರಿದ ಮಾತಲ್ಲ. ನಮ್ಮ ನಾಡನ್ನೇ ನಡುಗಿಸಿದ ಪ್ರಕರಣವೊಂದರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. 2000ದ ಜುಲೈ 30ರಂದು ವರನಟ ರಾಜ್‌ಕುಮಾರರನ್ನು ಗಜನೂರಿನ ಮನೆಯಿಂದ ವೀರಪ್ಪನ್ ಅಪಹರಿಸಿದನು. ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ಟಾಡಾ ಕಾನೂನಿನಂತೆ ವಿಚಾರಣೆಯಲ್ಲಿದ್ದ ತನ್ನ ಕಡೆಯವರನ್ನು ಬಿಡಬೇಕೆಂಬುದು ಅವನ ಬೇಡಿಕೆಗಳಲ್ಲೊಂದು. ನಾಡಿನಲ್ಲಿ ಶಾಂತಿ ಕದಡೀತೆಂಬ ಆತಂಕದಿಂದ ಸರ್ಕಾರ ಒಪ್ಪಿತು. ಸರ್ಕಾರದ ನಿರ್ಧಾರದಂತೆ ಅಭಿಯೋಜಕರು ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅರ್ಜಿ ಹಾಕಿದರು. ವಿಶೇಷ ನ್ಯಾಯಾಲಯ ಸಮ್ಮತಿಸಿತು.

ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಅಬ್ದುಲ್ ಕರೀಂ ಎಂಬ ವೃದ್ಧರು. ವೀರಪ್ಪನ್‌ನ ಕೈಯಲ್ಲಿ ಹತರಾದ ಪೊಲೀಸ್ ಸಬ್‌ಇನ್‌ಸ್ಪೆಕ್ಟರರೊಬ್ಬರ ತಂದೆ ಅವರು. 2000ದ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಆ ಸಮ್ಮತಿಯನ್ನು ರದ್ದುಮಾಡಿತು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಅಭಿಯೋಜಕರಿಗೆ. ಸರ್ಕಾರ ಹೇಳಿತೆಂಬುದೊಂದೇ ಸಾಲದು. ಎಲ್ಲ ಸಂಗತಿಗಳನ್ನೂ ನೋಡಿ, ಸ್ವಂತ ಬುದ್ಧಿಯಿಂದ ವಿಚಾರಮಾಡಿ, ಇದು ಸಾರ್ವಜನಿಕ ಹಿತಕ್ಕೆ ಎಂದು ಅಭಿಯೋಜಕರಿಗೇ ಮನವರಿಕೆಯಾಗಿರಬೇಕು — ಇದು ಆ ತೀರ್ಪಿನ ಸಾರ. ನವೆಂಬರ್ 15ರಂದು, 108 ದಿನಗಳ ಬಳಿಕ, ರಾಜ್‌ಕುಮಾರರು ಬಿಡುಗಡೆಯಾಗಿ ಬಂದರು. ಇಡೀ ನಾಡು ಒಬ್ಬರಿಗಾಗಿ ಕಣ್ಣೀರಿಡುತ್ತಿದ್ದಾಗ, ಮಗನನ್ನು ಕಳೆದುಕೊಂಡ ಇನ್ನೊಬ್ಬರ ಮಾತನ್ನು ನ್ಯಾಯಾಲಯ ಕೇಳಿತೆಂಬುದನ್ನು ನೆನೆದರೆ ಮೈ ನವಿರೇಳುತ್ತದೆ. ಹೊಸ ಸಂಹಿತೆಯ 360ನೆಯ ಕಲಮು, ನೊಂದವರಿಗೆ ತಮ್ಮ ಮಾತು ಹೇಳಲು ಅವಕಾಶ ಕೊಡದೆ ಇಂಥ ಹಿಂತೆಗೆತಕ್ಕೆ ಸಮ್ಮತಿಸಕೂಡದೆಂದು ಈಗ ಸ್ಪಷ್ಟವಾಗಿ ಹೇಳಿದೆ.

ಇನ್ನೊಂದು ಉದಾಹರಣೆಯೂ ನಮ್ಮ ರಾಜ್ಯಕ್ಕೆ ಸಂಬಂಧಿಸಿದ್ದು. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜೆ. ಜಯಲಲಿತಾ ಅವರ ಆಸ್ತಿಯ ಮೊಕದ್ದಮೆಯನ್ನು 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕಕ್ಕೆ ವರ್ಗಾಯಿಸಿತು. ಆರೋಪಿಯ ಪಕ್ಷವೇ ಆಳುವ ರಾಜ್ಯದಲ್ಲಿ ಅಭಿಯೋಜನೆ ನಿಷ್ಪಕ್ಷಪಾತವಾಗಿ ನಡೆದೀತೇ ಎಂಬುದೇ ಅಲ್ಲಿಯ ಶಂಕೆ. ಮುಂದೆ ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ನಡೆದಾಗ ತಮಿಳುನಾಡು ಸರ್ಕಾರ ನೇಮಿಸಿದ ಅಭಿಯೋಜಕರು ವಾದಿಸಿದರು. ಅಂಥ ನೇಮಕಕ್ಕೆ ಆ ಸರ್ಕಾರಕ್ಕೆ ಅಧಿಕಾರವಿಲ್ಲ, ಅದು ಕರ್ನಾಟಕಕ್ಕೆ ಮಾತ್ರ ಸೇರಿದ್ದು ಎಂದು ಸರ್ವೋಚ್ಚ ನ್ಯಾಯಾಲಯ 2015ರ ಏಪ್ರಿಲ್‌ನಲ್ಲಿ ತೀರ್ಮಾನಿಸಿತು. ನ್ಯಾಯಾಧೀಶರು ನಿಷ್ಪಕ್ಷಪಾತಿಗಳಾಗಿದ್ದರೆ ಸಾಲದು. ಎದುರು ನಿಂತು ಆರೋಪವನ್ನು ಮಂಡಿಸುವವರೂ ಹಾಗೆಯೇ ಇರಬೇಕೆಂಬುದು ಇದರಿಂದ ತಿಳಿದುಬರುವುದು.

ನಾವು ತಿಳಿದಿರಬೇಕಾದ ಕೆಲವು ಸಂಗತಿಗಳು

ಓದಿದವರೆಂಬ ಕಾರಣದಿಂದ ನಾಳೆ ನಮ್ಮ ಊರಿನಲ್ಲಿ ನಮ್ಮನ್ನೇ ಎಲ್ಲರೂ ಕೇಳುವರು. ಆದುದರಿಂದ ಕೆಲವು ಸಂಗತಿಗಳನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಗುರುತರ ಅಪರಾಧದ ದೂರನ್ನು ಅದು ನಡೆದ ಸ್ಥಳ ಯಾವ ಠಾಣೆಯ ಸರಹದ್ದಿಗೆ ಸೇರಿದ್ದರೂ ಯಾವ ಠಾಣೆಯಲ್ಲಾದರೂ ಕೊಡಬಹುದು. ಪ್ರಥಮ ವರ್ತಮಾನ ವರದಿಯ ನಕಲು ಫಿರ್ಯಾದಿಗೆ ಪುಕ್ಕಟೆ.

ಎರಡನೆಯದಾಗಿ, ಪೊಲೀಸರ ಮುಂದೆ ಸಾಕ್ಷಿಯಾಗಿ ಕೊಟ್ಟ ಹೇಳಿಕೆಗೆ ಸಹಿ ಮಾಡಬೇಕಾಗಿಲ್ಲ. ಆದರೆ ಪಂಚರಾಗಿ ಮಹಜರಿಗೆ ಸಹಿ ಹಾಕುವವರು ಅದನ್ನು ಓದಿ, ತಾರೀಖು ವೇಳೆ ನೋಡಿ, ಆಮೇಲೆ ಹಾಕಬೇಕು. ಖಾಲಿ ಹಾಳೆಗೆ ಸಹಿ ಹಾಕಿದವನು ಮುಂದೆ ಕಟಕಟೆಯಲ್ಲಿ ನಿಂತು, “ಏನೋ ಹಾಕಿ ಅಂದರು, ಹಾಕಿದೆ” ಎನ್ನಬೇಕಾಗುತ್ತದೆ. ಈ ಮಾತನ್ನು ನಾಲ್ಕು ವಾರಗಳಲ್ಲಿ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಆ ಒಂದು ಸಹಿಯಿಂದ ಅಪರಾಧಿ ತಪ್ಪಿಸಿಕೊಳ್ಳಬಹುದು, ನಿರಪರಾಧಿ ಸಿಕ್ಕಿಕೊಳ್ಳಲೂಬಹುದು.

ಮೂರನೆಯದಾಗಿ, ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು 90 ದಿನಗಳೊಳಗೆ ಫಿರ್ಯಾದಿಗೆ ಅಥವಾ ನೊಂದವರಿಗೆ ತಿಳಿಸಬೇಕೆಂದು ಹೊಸ ಸಂಹಿತೆ ಪೊಲೀಸರಿಗೆ ವಿಧಿಸಿದೆ.

ನಾಲ್ಕನೆಯದಾಗಿ, ಅಭಿಯೋಜಕರಿಗೆ ಫಿರ್ಯಾದಿ ಫೀಸು ಕೊಡಬೇಕಾಗಿಲ್ಲ. ಅವರ ಸಂಬಳ ರಾಜ್ಯದ್ದು. ಇಷ್ಟವಿದ್ದರೆ ನ್ಯಾಯಾಲಯದ ಅನುಮತಿ ಪಡೆದು, ಅಭಿಯೋಜಕರಿಗೆ ನೆರವಾಗಲು ತನ್ನದೇ ವಕೀಲರನ್ನೂ ಇಟ್ಟುಕೊಳ್ಳಬಹುದು. ಸಾಕ್ಷಿ ಹೇಳಲು ಬಂದವರಿಗೆ ಸರ್ಕಾರದ ನಿಯಮದಂತೆ ಬತ್ತೆ ಕೇಳುವ ದಾರಿಯೂ ಉಂಟು.

ಮುಕ್ತಾಯ

ಅಭಿಯೋಜಕರಿಗೆ ಗೆಲುವೆಂದರೆ ಏನು ಎಂಬ ಪ್ರಶ್ನೆಯಿಂದ ಈ ಲೇಖನ ಹೊರಟಿತು. ಶಿಕ್ಷೆಯಾದ ಮೊಕದ್ದಮೆಗಳನ್ನು ಎಣಿಸಿ ಅವರ ಯೋಗ್ಯತೆಯನ್ನು ಅಳೆಯುವವರು ಉಂಟು. ಅದು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಅಪರಾಧ ಮಾಡಿದವರು ಸಾಲುಸಾಲಾಗಿ ಬಿಡುಗಡೆಯಾದರೆ ನೊಂದವರು ಯಾರನ್ನು ನಂಬಬೇಕು? ಆದರೆ ಅದೊಂದೇ ಅಳತೆಯಾದರೆ, ಆಸ್ಪತ್ರೆಯ ಕಾಗದಕ್ಕೂ ಮಹಜರಿಗೂ ಹೊಂದಿಕೆಯಾಗದ ವೇಳೆಯನ್ನು ಮುಚ್ಚಿಡುವ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ನ್ಯಾಯಾಲಯದ ಮುಂದೆ ಇರುವ ಸತ್ಯವೆಲ್ಲವನ್ನೂ, ತನ್ನ ಕಡೆಗೆ ಅನುಕೂಲವಾದದ್ದನ್ನೂ ಪ್ರತಿಕೂಲವಾದದ್ದನ್ನೂ, ಇಟ್ಟುಕೊಟ್ಟ ದಿನ ಅಭಿಯೋಜಕರು ಗೆದ್ದಂತೆ. ಆಮೇಲೆ ಬರುವ ತೀರ್ಪು ನ್ಯಾಯಾಧೀಶರದು.

ನಮ್ಮಲ್ಲಿ ಬಿ.ಎ. ಮುಗಿಸಿದವರಿಗೆ ಇರುವ ದಾರಿ ಶಿಕ್ಷಕ ವೃತ್ತಿ ಇಲ್ಲವೆ ಗುಮಾಸ್ತೆಗಿರಿ ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಪದವಿಯ ಬಳಿಕ ಮೂರು ವರ್ಷ ಕಾನೂನು ಓದಿ, ಕೆಲವು ಕಾಲ ವಕೀಲಿ ಮಾಡಿ, ಈ ಹುದ್ದೆಗೂ ಪ್ರಯತ್ನಿಸಬಹುದು. ಇದಕ್ಕೆ ದೊಡ್ಡ ಮನೆತನ ಬೇಕಾಗಿಲ್ಲ. ಕಾಗದವನ್ನು ನಿಧಾನವಾಗಿ ಓದುವ ತಾಳ್ಮೆ, ಜನರ ಆಡುಮಾತು ತಿಳಿಯುವ ಕಿವಿ, ಬೇಡದ ಸತ್ಯವನ್ನೂ ಹೇಳುವ ಎದೆ — ಇವು ಸಾಕು. ಮೊದಲನೆಯದನ್ನು ಈ ಕಾಲೇಜಿನ ಅಧ್ಯಾಪಕರು ನಮಗೆ ಕಲಿಸಿದ್ದಾರೆ. ಎರಡನೆಯದನ್ನು ನಮ್ಮ ಹಳ್ಳಿಗಳು ಕೊಟ್ಟಿವೆ. ಅಂಜುತ್ತ ಕಟಕಟೆ ಹತ್ತುವ ಒಬ್ಬ ಕೂಲಿಯವಳ ಮಾತನ್ನು ಅವಳ ಮಾತಿನಲ್ಲಿಯೇ ಕೇಳಿಸಿಕೊಳ್ಳುವುದರಲ್ಲಿ ನಮ್ಮಂಥವರಿಗಿಂತ ಯೋಗ್ಯರು ಇನ್ನಾರು? ಮೂರನೆಯದನ್ನು ಮಾತ್ರ ನಾವೇ ಸಂಪಾದಿಸಿಕೊಳ್ಳಬೇಕು.

— ಅಂತಿಮ ಬಿ.ಎ. ವಿದ್ಯಾರ್ಥಿ